ಹದಿನೈದು ಸೆಕೆಂಡಿನ ಮೇಲ್ವಿಚಾರಕಿ

ಫ್ರೆಹಾ ವಕ್ನಿನ್ ಬಗ್ಗೆ ಹೇಳಲು ಕೂತರೆ ನನಗೆ ಮೊದಲು ಸಿಟ್ಟು ಬರುತ್ತದೆ, ಮಾತು ಆಮೇಲೆ ಬರುತ್ತದೆ. ಸಿಟ್ಟು ಅವಳ ಮೇಲಲ್ಲ. ಅವಳ ಮೇಲೆ ಸಿಟ್ಟು ಮಾಡಿಕೊಂಡು ಇಸ್ರೇಲಿನ ಈ ಗಾಜಾ ಗಡಿಯ ಸ್ದೆರೋತ್ ಊರಿನಲ್ಲಿ ಗೆದ್ದವರು ಯಾರೂ ಇಲ್ಲ. ನನ್ನ ಸಿಟ್ಟು ಪರೀಕ್ಷೆ ನಡೆಸುವ ಆ ಮೇಲಿನ ಕಚೇರಿಯ ಮೇಲೆ. ಅದರ ಹೆಸರು ಬೇಡ ಬಿಡಿ, ಬರೆದರೆ ಅದಕ್ಕೂ ಒಂದು ಅರ್ಜಿ ತುಂಬಿಕೊಂಡು ಬಾ ಎಂದಾರು.

ನಾನು ಮಾರ್ಸೆಲ್ ಬುಸ್ಕಿಲಾ. ಇಲ್ಲಿನ ಒಂದು ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷದಿಂದ ಬೀಗದ ಕೈಗೊಂಚಲು ನನ್ನ ಸೊಂಟದಲ್ಲಿದೆ. ನಲ್ಲಿ ಸೋರಿದರೆ ನಾನು, ಬಲ್ಬು ಹೋದರೆ ನಾನು, ಬಗ್ರೂತ್ ಪರೀಕ್ಷೆ ಬಂತೆಂದರೆ ಹಾಲಿನಲ್ಲಿ ಮೇಜು ಜೋಡಿಸುವವನೂ ನಾನೇ. ಹನ್ನೆರಡನೇ ತರಗತಿಯ ಮಕ್ಕಳ ಹಣೆಬರಹ ಆ ಮೇಜುಗಳ ಮೇಲೆ ತೀರ್ಮಾನವಾಗುತ್ತದೆ. ಹೆಡ್‌ಮೇಷ್ಟ್ರಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿರುತ್ತದೆ, ಆದರೆ ನನ್ನನ್ನು ಕೇಳುವವರು ಯಾರು?

ಫ್ರೆಹಾ ಮತ್ತು ನಾನು ಒಂದೇ ಸಾಲಿನ ತಗಡಿನ ಮನೆಗಳಲ್ಲಿ ಬೆಳೆದವರು. ಇಬ್ಬರ ಅಪ್ಪಂದಿರೂ ಮೊರಾಕ್ಕೋದಿಂದ ಒಂದೇ ವರ್ಷ ಬಂದಿಳಿದವರು. ಆಗ ಅವಳಿಗೆ ಏಳು ವರ್ಷ, ನಾನು ಕಂಕುಳ ಕೂಸು. ಹನ್ನೆರಡಕ್ಕೆ ಶಾಲೆ ಬಿಡಿಸಿ ಅವಳನ್ನು ಕ್ಯಾರೆಟ್ ತುಂಬುವ ಶೆಡ್ಡಿಗೆ ಕಳಿಸಿದರು. ಹತ್ತೊಂಬತ್ತಕ್ಕೆ ಮದುವೆ, ಮೂರು ಮಕ್ಕಳು. ಓದಲು ಬರೆಯಲು ಕಲಿತದ್ದು ಮೂವತ್ತನಾಲ್ಕಕ್ಕೆ. ಆ ಕಾಲದಲ್ಲಿ ಸೈನ್ಯದಿಂದ ಹುಡುಗಿಯರನ್ನು ಕಳಿಸುತ್ತಿದ್ದರು, ಮನೆ ಮನೆಗೆ ಬಂದು ಹೆಂಗಸರಿಗೆ ಅಕ್ಷರ ಕಲಿಸಲು. ಫ್ರೆಹಾಳ ಅಡುಗೆಮನೆಯಲ್ಲಿ ಒಬ್ಬಳು ಇಪ್ಪತ್ತರ ಹುಡುಗಿ ಎರಡು ವರ್ಷ ಕೂತು ಕಲಿಸಿದಳು. ಓದಲು ಬಂದ ವಾರವೇ ಫ್ರೆಹಾ ಪೆಟ್ಟಿಗೆಯಿಂದ ಮನೆಯ ಕಾಗದಪತ್ರ ತೆಗೆದಳು. ನೋಡಿದರೆ ಅದರಲ್ಲಿ ಅವಳ ಹೆಸರೇ ಇಲ್ಲ! ಯಾರೋ ಗುಮಾಸ್ತ ಫ್ರಿದಾ ಎಂದು ಬರೆದುಕೊಂಡಿದ್ದ, ಇವಳು ಹೆಬ್ಬೆಟ್ಟು ಒತ್ತಿದ್ದಳು.

"ಇಷ್ಟು ವರ್ಷ ನಾನು ಇನ್ನ್ಯಾರೋ ಆಗಿದ್ದೆ ಕಣೋ ಮಾರ್ಸೆಲ್," ಎಂದಳು. "ಇನ್ಮೇಲೆ ನನ್ನ ಕಣ್ಣೆದುರಿಗೆ ಸುಳ್ಳು ಬರೆಯೋಕೆ ಒಬ್ಬನ್ನೂ ಬಿಡಲ್ಲ."

ಬಿಡಲೂ ಇಲ್ಲ. ಶಿಶುವಿಹಾರದಲ್ಲಿ ಆಯಾ ಆಗಿ ಇಪ್ಪತ್ತೈದು ವರ್ಷ ದುಡಿದು ನಿವೃತ್ತಳಾದ ಮೇಲೆ, ಪರೀಕ್ಷಾ ಮೇಲ್ವಿಚಾರಕಿಯಾಗಿ ನಮ್ಮ ಶಾಲೆಗೆ ಬಂದಳು. ನಿವೃತ್ತರಿಗೆ ಕೊಡುವ ದಿನಗೂಲಿಯ ಕೆಲಸ ಅದು. ಬೇರೆಯವರು ಸ್ವೆಟರ್ ಹೆಣೆಯುತ್ತ ಕೂರುತ್ತಾರೆ. ಫ್ರೆಹಾ ಕೂತದ್ದನ್ನೇ ನಾನು ಕಾಣೆ. ಎಣ್ಣೆ ಹಾಕದ ಬಾಗಿಲಿನ ಹಾಗೆ ಕಿರಿಕಿರಿ ಮಾಡುವ ಚಪ್ಪಲಿಯಲ್ಲಿ ಸಾಲು ಸಾಲು ಸುತ್ತುವಳು. ಸ್ವಂತ ತಂಗಿಯ ಮೊಮ್ಮಗ ಜೇಬಿನಲ್ಲಿ ಫೋನು ಇಟ್ಟುಕೊಂಡು ಕೂತಿದ್ದಾಗ ಅವನ ಹೆಸರನ್ನೂ ವರದಿ ಹಾಳೆಯಲ್ಲಿ ಬರೆದಳು. ತಂಗಿ ಎರಡು ಹಬ್ಬ ಅವಳ ಮನೆ ಮೆಟ್ಟಿಲು ಹತ್ತಲಿಲ್ಲ.

"ಸ್ವಲ್ಪ ನೋಡಿಯೂ ನೋಡದಂಗೆ ಇರಬಾರದಾ, ಮಾರಾಯ್ತಿ?" ಎಂದೆ.

"ಟೆಲ್ ಅವೀವಿನ ಡಾಕ್ಟ್ರ ಮಗನಿಗೆ ಟ್ಯೂಷನ್ನು, ಏಸಿ ರೂಮು, ಎಲ್ಲಾ ಇದೆ. ನಮ್ಮ ಮಕ್ಕಳಿಗೆ ಇರೋದು ಒಂದೇ, ಇಬ್ಬರಿಗೂ ಒಂದೇ ನಿಯಮ ಅನ್ನೋದು. ಅದನ್ನೂ ನಾವೇ ಹರಿದು ಹಾಕಿದರೆ ಉಳಿಯೋದೇನು, ಮಣ್ಣು?" ಎಂದಳು.

ಹೀಗೆ ನಂಬಿದ್ದಳು ನೋಡಿ, ಪಾಪ.

ಆರು ವರ್ಷದ ಹಿಂದಿನ ಜೂನ್. ಗಣಿತದ ಪರೀಕ್ಷೆ. ಗಟ್ಟಿ ಚಾವಣಿಯ ತರಗತಿಗಳಲ್ಲಿ ಚಿಕ್ಕ ಮಕ್ಕಳನ್ನು ಕೂರಿಸಿದ್ದರಿಂದ ದೊಡ್ಡವರಿಗೆ ಹಳೆಯ ಆಟದ ಹಾಲೇ ಗತಿಯಾಗಿತ್ತು. ಅದರ ಮೇಲೆ ತಗಡು. ಅಲ್ಲಿಂದ ರಾಕೆಟ್ಟಿಗೆ ಅಡಗುವ, ಕಾರಿಡಾರಿನ ಕೊನೆಯ ಸಿಮೆಂಟ್ ಕೋಣೆಗೆ ನಲವತ್ತೆರಡು ಹೆಜ್ಜೆ, ನಾನೇ ಅಳೆದಿದ್ದೇನೆ. ಧ್ವನಿವರ್ಧಕದಲ್ಲಿ "ಕೆಂಪು ಬಣ್ಣ, ಕೆಂಪು ಬಣ್ಣ" ಎಂದು ರೆಕಾರ್ಡು ಮಾಡಿಟ್ಟ ಹೆಂಗಸಿನ ದನಿ ಕೂಗಿದ ಮೇಲೆ ರಾಕೆಟ್ಟು ಬೀಳಲು ಹದಿನೈದು ಸೆಕೆಂಡು. ಮೂವತ್ತೊಂದು ಮಕ್ಕಳು, ಒಂದೇ ಬಾಗಿಲು. ನೀವೇ ಲೆಕ್ಕ ಹಾಕಿ.

ಹತ್ತು ಗಂಟೆ ನಲವತ್ತೊಂದು ನಿಮಿಷಕ್ಕೆ ಕೂಗಿತು. ಎಲ್ಲರೂ ಓಡಿದರು. ನಿಯಮದ ಪ್ರಕಾರ ಉತ್ತರ ಪತ್ರಿಕೆ ಮುಚ್ಚಿ ಮೇಜಿನ ಮೇಲೆ ಬಿಟ್ಟು ಓಡಬೇಕು. ಮೂವತ್ತು ಮಕ್ಕಳು ಬಿಟ್ಟರು. ಲಿಮೊರ್ ಪಿನ್ಹಾಸೊವ್ ಬಿಡಲಿಲ್ಲ. ಅವಳ ಕೈಯಲ್ಲಿ ಪತ್ರಿಕೆ ಇತ್ತು, ಕೈ ಅವಳ ಜೊತೆ ಓಡಿತು, ಅಷ್ಟೇ.

ಈ ಹುಡುಗಿಯ ಬಗ್ಗೆ ಎರಡು ಮಾತು. ಅಪ್ಪ ಇಲ್ಲ. ಅಮ್ಮ ಜೋಯಾ ವೃದ್ಧಾಶ್ರಮದಲ್ಲಿ ಮುದುಕರಿಗೆ ಸ್ನಾನ ಮಾಡಿಸುವವಳು. ಲಿಮೊರ್‌ಗೆ ಅಶ್ಕೆಲೋನಿನ ನರ್ಸಿಂಗ್ ಶಾಲೆಯಲ್ಲಿ ಅಕ್ಟೋಬರಿಗೆ ಸೀಟು ಗೊತ್ತಾಗಿತ್ತು, ಗಣಿತದಲ್ಲಿ ಎಪ್ಪತ್ತು ಬಂದರೆ. ಬರದಿದ್ದರೆ ಸೀಟು ಇನ್ನೊಬ್ಬರಿಗೆ. ಬೇರೆ ಏನೂ ಅವಳಿಗೆ ಬೇಕಿರಲಿಲ್ಲ.

ಸಿಮೆಂಟ್ ಕೋಣೆಯಲ್ಲಿ ಅವಳು ಪತ್ರಿಕೆಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ದಡ್ ಎಂದು ಎಲ್ಲೋ ಬಿತ್ತು. ಫ್ರೆಹಾ ಜನರ ನಡುವೆ ನುಸುಳಿ ಅವಳ ಪಕ್ಕಕ್ಕೆ ಹೋಗಿ, ಪತ್ರಿಕೆಯ ಮೇಲೆ ತನ್ನ ಅಂಗೈ ಇಟ್ಟಳು. ಹೊರಬರುವ ತನಕ ತೆಗೆಯಲಿಲ್ಲ. ಯಾರೂ ತೆರೆಯಲಿಲ್ಲ, ಯಾರೂ ನೋಡಲಿಲ್ಲ. ಹನ್ನೆರಡು ನಿಮಿಷದ ನಂತರ ಎಲ್ಲರೂ ವಾಪಸ್ ಬಂದು ಕೂತರು. ನಿಯಮದಂತೆ ಹನ್ನೆರಡು ನಿಮಿಷ ಸೇರಿಸಿ ಕೊಟ್ಟರು.

ಆದರೆ ಕೂತರೆ ಸಾಕೇ? ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಲಿಮೊರ್ ಪೆನ್ನು ಹಿಡಿದಿದ್ದಳು, ಪೆನ್ನಿನ ತುದಿ ಕಾಗದಕ್ಕೆ ತಾಗುತ್ತಿರಲಿಲ್ಲ. ಒಬ್ಬ ಹುಡುಗ ಕಾಲು ಕುಣಿಸಿ ಕುಣಿಸಿ ಮೇಜನ್ನೇ ಅಲ್ಲಾಡಿಸುತ್ತಿದ್ದ. ಫ್ರೆಹಾ ಗಡಿಯಾರ ನೋಡುತ್ತಿದ್ದಳು. ಲಿಮೊರ್ ಮೊದಲ ಅಂಕಿ ಬರೆಯಲು ಹತ್ತೊಂಬತ್ತು ನಿಮಿಷ ಹಿಡಿಯಿತು. ಆ ಹತ್ತೊಂಬತ್ತು ನಿಮಿಷ ಯಾರ ಲೆಕ್ಕದಲ್ಲೂ ಇಲ್ಲ. ಕಾಲು ವಾಪಸ್ ಬಂದರೆ ತಲೆಯೂ ಬಂತು ಎಂದು ಬರೆದವರ ನಿಯಮ ಅದು.

ಪರೀಕ್ಷೆ ಮುಗಿದ ಮೇಲೆ ಫ್ರೆಹಾ ವರದಿ ಹಾಳೆ ತುಂಬಿದಳು. "ವಿದ್ಯಾರ್ಥಿನಿ ಲಿಮೊರ್ ಪಿನ್ಹಾಸೊವ್ ಉತ್ತರ ಪತ್ರಿಕೆಯೊಂದಿಗೆ ಕೊಠಡಿಯಿಂದ ಹೊರಗೆ ಹೋದಳು, ಪತ್ರಿಕೆಯನ್ನು ತೆರೆಯಲಿಲ್ಲ, ನನ್ನ ಕೈ ಅದರ ಮೇಲೆಯೇ ಇತ್ತು." ಹತ್ತೊಂಬತ್ತು ನಿಮಿಷದ ಸಂಗತಿಯನ್ನೂ ಕೆಳಗೆ ಬರೆದಳು.

"ಹೊರಗೆ ಹೋದಳು ಅನ್ನೋದು ಯಾಕೆ? ಬಿಟ್ಟುಬಿಡೇ," ಎಂದೆ.

"ನಡೆದದ್ದು ನಡೆದ ಹಾಗೆ ಪೂರ್ತಿ ಬರೆದರೆ ಯಾರಿಗೂ ತೊಂದರೆ ಆಗಲ್ಲ. ಅರ್ಧ ಬರೆದರೇನೇ ತೊಂದರೆ," ಎಂದಳು.

ಅವಳು ಪೂರ್ತಿ ಬರೆದಳು. ಅವರು ಅರ್ಧ ಓದಿದರು.

ಹನ್ನೊಂದು ದಿನಕ್ಕೆ ಕಾಗದ ಬಂತು. ಉತ್ತರ ಪತ್ರಿಕೆ ರದ್ದು. ಕಾರಣ, ಕೊಠಡಿಯಿಂದ ಹೊರಗೆ ಒಯ್ಯಲಾಗಿದೆ. ಜೊತೆಗೆ ಫ್ರೆಹಾಳದೇ ವರದಿಯ ನಕಲು. "ಹೊರಗೆ ಹೋದಳು" ಎಂಬಲ್ಲಿಯ ತನಕ ಕೆಂಪು ಗೆರೆ ಎಳೆದಿದ್ದರು. ಅದರ ಮುಂದಿನ ಅಕ್ಷರಗಳು ಅವರ ಪಾಲಿಗೆ ಇರಲೇ ಇಲ್ಲ.

ಜೋಯಾ ಆ ಕಾಗದ ಹಿಡಿದು ಫ್ರೆಹಾಳ ಮನೆಗೆ ನುಗ್ಗಿದಾಗ ನಾನು ಅಲ್ಲೇ ಪುದೀನಾ ಚಹಾ ಕುಡಿಯುತ್ತಿದ್ದೆ.

"ನಿನ್ನ ಕೈಗೆ ಹುಳ ಬೀಳ! ನನ್ನ ಮಗಳು ನಿಂಗೇನು ಮಾಡಿದ್ಲು? ಹೆತ್ತ ಹೊಟ್ಟೆಗೆ ಬೆಂಕಿ ಇಟ್ಟೆಯಲ್ಲೇ!" ಎಂದು ಕಿರುಚಿದಳು ಜೋಯಾ.

"ಕೂತ್ಕೋ ಜೋಯಾ."

"ಕೂರೋದಿಲ್ಲ! ಎಲ್ಲಾ ಹಾಲಲ್ಲೂ ಮೇಲ್ವಿಚಾರಕರು ಕಣ್ಣು ಮುಚ್ಕೋತಾರೆ. ನೀನೊಬ್ಬಳು ಹರಿಶ್ಚಂದ್ರನ ಅಕ್ಕ, ಅಲ್ವಾ?"

ಹರಿಶ್ಚಂದ್ರ ಎನ್ನಲಿಲ್ಲ ಅವಳು, ಅವರ ಕಡೆಯ ಯಾರದೋ ಹೆಸರು ಹೇಳಿದಳು, ಅರ್ಥ ಅದೇ. ಫ್ರೆಹಾ ಜಗಳಕ್ಕೆ ಇಳಿಯಲಿಲ್ಲ. ಕಾಗದವನ್ನು ಮೂರು ಸಲ ಓದಿದಳು, ಬೆರಳನ್ನು ಪ್ರತಿ ಪದದ ಕೆಳಗೂ ಇಟ್ಟು. ಆಮೇಲೆ ಎದ್ದು ಹೊರಗೆ ಹೋಗುವ ಕೋಟು ತೆಗೆದಳು, ಅಂಥ ಬಿಸಿಲಲ್ಲಿ.

"ಮಾರ್ಸೆಲ್, ಜೆರುಸಲೇಮಿಗೆ ಬಸ್ಸು ಎಷ್ಟು ಹೊತ್ತಿಗೆ?"

ಮೇಲ್ಮನವಿ ಬರೆದು, ದಿನಾಂಕ ಗೊತ್ತಾಗಿ, ಲಿಮೊರ್ ಸೇರಿ ನಾವು ನಾಲ್ವರೂ ಜೆರುಸಲೇಮಿನ ಆ ಮೇಲಿನ ಕಚೇರಿಗೆ ಹೋದದ್ದು ಒಂದು ವಾರದ ನಂತರ. ಮೂವರ ಸಮಿತಿ. ಮೇಜಿನ ಮೇಲೆ ಬಿಸ್ಕತ್ತು, ನೀರಿನ ಬಾಟಲಿ. ಅಧ್ಯಕ್ಷೆ ಒಳ್ಳೆಯ ಹೆಂಗಸೇ, ಕೆಟ್ಟವಳಾಗಿದ್ದರೆ ಬೈದಾದರೂ ಬರುತ್ತಿದ್ದೆವು.

"ದಕ್ಷಿಣದ ಜನರ ಕಷ್ಟ ನಮಗೆ ಅರ್ಥ ಆಗುತ್ತೆ," ಎಂದು ಶುರು ಮಾಡಿದಳು. ಹೀಗೆ ಶುರುವಾದ ಮಾತು ಎಲ್ಲಿ ಮುಗಿಯುತ್ತದೆ ಎಂದು ನಮ್ಮೂರಿನ ನಾಯಿಗೂ ಗೊತ್ತು. "ಆದರೆ ಲಿಮೊರ್, ಪತ್ರಿಕೆ ಮೇಜಿನ ಮೇಲೆ ಇಡೋಕೆ ಒಂದು ಸೆಕೆಂಡು ಸಾಕಲ್ವಾ?"

ಲಿಮೊರ್ ತಲೆ ತಗ್ಗಿಸಿ, "ನಂಗೆ ಕೈಯಲ್ಲಿದ್ದದ್ದೇ ಗೊತ್ತಿರಲಿಲ್ಲ," ಎಂದಳು.

"ಒಂದು ಸೆಕೆಂಡು ಅಂದ್ರಲ್ಲ ಮೇಡಂ," ಎಂದಳು ಫ್ರೆಹಾ, "ಹದಿನೈದರಲ್ಲಿ ಒಂದು ಅದು. ನಿಮ್ಮ ಸಂಬಳದಲ್ಲಿ ಹದಿನೈದರಲ್ಲಿ ಒಂದು ಪಾಲು ತೆಗೆದು ನೋಡಿ, ಗೊತ್ತಾಗುತ್ತೆ."

ಜೋಯಾ ಕಿಸಕ್ಕೆಂದಳು. ನಾನು ಅವಳ ಕಾಲು ಮೆಟ್ಟಿದೆ.

"ಇದು ಅವಳ ತಪ್ಪಲ್ಲ, ನನ್ನದು," ಎಂದು ಫ್ರೆಹಾ ಮುಂದುವರಿಸಿದಳು. "ರಾಕೆಟ್ಟು ಬೀಳೋಕೆ ಶುರುವಾದಾಗ ಈ ಮಗು ನನ್ನ ಶಿಶುವಿಹಾರದಲ್ಲಿತ್ತು. ಐದು ವರ್ಷ. ಮಕ್ಕಳು ಗೊಂಬೆ ಜೋಪಾನವಾಗಿ ಕೆಳಗಿಡೋದು, ಬಣ್ಣದ ಪೆನ್ಸಿಲ್ಲು ಡಬ್ಬಿಗೆ ಹಾಕೋದು, ಹೀಗೆ ಮಾಡ್ತಾ ನಿಂತುಬಿಡೋವು. ಒಳ್ಳೆ ಮಕ್ಕಳು ಪಾಪ, ಶಿಸ್ತು ಕಲಿಸಿದ್ವಲ್ಲ. ಅದಕ್ಕೆ ನಾನೇ ಹೇಳಿಕೊಟ್ಟೆ, 'ಕೈಯಲ್ಲಿದ್ದದ್ದು ಕೈಯಲ್ಲೇ ಇರಲಿ, ಕಾಲು ಮಾತ್ರ ಓಡಲಿ.' ದಿನಾ ಬೆಳಗ್ಗೆ ಆಟದ ಥರ ಮಾಡಿಸ್ತಿದ್ದೆ. ಚಮಚ ಹಿಡಿದು ಓಡೋವು, ಬೂಟು ಹಿಡಿದು ಓಡೋವು, ಒಂದು ಸಲ ಒಬ್ಬ ಆಮೆ ಹಿಡಿದು ಓಡಿದ್ದ. ಊರಲ್ಲಿ ಆ ವಯಸ್ಸಿನವರು ಎಲ್ಲಾ ಹಾಗೇ. ಬೇರೆ ಮಕ್ಕಳ ಕೈಲಿ ಆಗ ಪತ್ರಿಕೆ ಇರಲಿಲ್ಲ, ಬರೀತಿದ್ರು. ಇವಳು ಹಾಳೆ ತಿರುವೋಕೆ ಎತ್ತಿಕೊಂಡಿದ್ದಳು. ಅಷ್ಟೇ ವ್ಯತ್ಯಾಸ."

ಗೆದ್ದೆವು ಎಂದುಕೊಂಡೆ ನಾನು, ದಡ್ಡ. ಅಧ್ಯಕ್ಷೆಯ ಎಡಗಡೆ ಕೂತಿದ್ದ ಕನ್ನಡಕದವನು ಏನೋ ಬರೆದುಕೊಂಡು ತಲೆ ಎತ್ತಿದ.

"ಹಾಗಾದರೆ ಮೇಲ್ವಿಚಾರಕಿಗೆ ಈ ವಿದ್ಯಾರ್ಥಿನಿ ಮೊದಲಿಂದ ಪರಿಚಯ?"

"ಪರಿಚಯ ಅಂದ್ರೆ? ಮೂಗು ಒರೆಸಿದ್ದೀನಿ ಇವಳದು."

"ಪರಿಚಯ ಇರುವ ವಿದ್ಯಾರ್ಥಿಯ ಹಾಲಿನಲ್ಲಿ ಮೇಲ್ವಿಚಾರಣೆ ಮಾಡುವ ಹಾಗಿಲ್ಲ. ನೀವು ಸಹಿ ಹಾಕಿರೋ ಪ್ರಮಾಣ ಪತ್ರದಲ್ಲಿ ಅದು ಇದೆ. ಅಂದ ಮೇಲೆ ಪತ್ರಿಕೆ ತೆರೆಯಲಿಲ್ಲ ಅನ್ನೋ ನಿಮ್ಮ ಸಾಕ್ಷಿಯನ್ನು ನಾವು ಪರಿಗಣಿಸೋಕೆ ಆಗಲ್ಲ."

ಅಯ್ಯೋ ಇವನ! ಇಪ್ಪತ್ತು ಸಾವಿರ ಜನರ ಊರು ನಮ್ಮದು. ಪರಿಚಯ ಇಲ್ಲದ ಮಗುವನ್ನು ಫ್ರೆಹಾ ಎಲ್ಲಿಂದ ತರಬೇಕು? ಅವಳು ಬರೆದದ್ದರಲ್ಲಿ "ಹೊರಗೆ ಹೋದಳು" ಎಂಬುದಕ್ಕೆ ಅವಳ ಸಾಕ್ಷಿ ನಡೆಯುತ್ತದೆ, "ತೆರೆಯಲಿಲ್ಲ" ಎಂಬುದಕ್ಕೆ ನಡೆಯುವುದಿಲ್ಲ! ನನ್ನ ತಲೆ ಕೆಟ್ಟು ಹೋಯಿತು. ಎದ್ದು ನಿಂತು ಏನೇನೋ ಅಂದೆ. ಅದನ್ನೆಲ್ಲ ಅಚ್ಚು ಹಾಕುವ ಹಾಗಿಲ್ಲ.

ಫ್ರೆಹಾ ನನ್ನನ್ನು ಕೂರಿಸಿ, ಅಧ್ಯಕ್ಷೆಯ ಕಡೆ ತಿರುಗಿದಳು. "ಇನ್ನೊಂದು ವಿಷಯ. ಆ ಹತ್ತೊಂಬತ್ತು ನಿಮಿಷ. ಕೂಗು ನಿಂತ ಮೇಲೂ ಮಕ್ಕಳ ಕೈ ನಿಲ್ಲಲ್ಲ. ಪ್ರತಿ ಕೂಗಿಗೆ ಇಪ್ಪತ್ತು ನಿಮಿಷ ಸೇರಿಸಿ ಕೊಡಿ. ಅಂಕ ದಾನ ಕೇಳ್ತಿಲ್ಲ ನಾವು. ಬೇಲಿಯಾಚೆ ಗಾಜಾದಲ್ಲಿರೋ ಮಕ್ಕಳಿಗೂ ಒಂದು ಪರೀಕ್ಷೆ ಇದ್ದೇ ಇರುತ್ತೆ, ಅವಕ್ಕೆ ಹದಿನೈದು ಸೆಕೆಂಡೂ ಇಲ್ಲ. ಅದು ನನ್ನ ಕೈಲಿ ಇಲ್ಲ. ಇದು ನಿಮ್ಮ ಕೈಲಿ ಇದೆಯಲ್ಲ? ಕಂಡೋರ ಮಕ್ಕಳನ್ನ ಬಾವಿಗೆ ತಳ್ಳಿ ಆಳ ನೋಡಬೇಡಿ ಮೇಡಂ."

ಅಧ್ಯಕ್ಷೆ ಕನ್ನಡಕದವನ ಕಿವಿಯಲ್ಲಿ ಮಾತಾಡಿದಳು. ತೀರ್ಪು ಹೀಗಾಯಿತು. ಪತ್ರಿಕೆ ರದ್ದಾದದ್ದು ರದ್ದೇ. ವಿಶೇಷ ಅನುಕಂಪದಿಂದ ಲಿಮೊರ್ ಜುಲೈಯ ಎರಡನೇ ಸರದಿಗೆ ಕೂರಬಹುದು, ಅದೇ ಹಾಲು. ಫ್ರೆಹಾಳ ಹೆಸರನ್ನು ಮೇಲ್ವಿಚಾರಕರ ಪಟ್ಟಿಯಿಂದ ತೆಗೆಯಲಾಗುತ್ತದೆ, ಹೊರಗಿನವರನ್ನು ಕಳಿಸುತ್ತಾರೆ. ಹೆಚ್ಚುವರಿ ಸಮಯದ ವಿಚಾರವನ್ನು ಎರಡನೇ ಸರದಿಯ ವರದಿ ನೋಡಿ ನಿರ್ಧರಿಸುತ್ತಾರೆ.

ವಾಪಸ್ ಬರುವ ಬಸ್ಸಿನಲ್ಲಿ ಜೋಯಾ ತಾನೇ ಹೋಗಿ ಫ್ರೆಹಾಳ ಪಕ್ಕ ಕೂತಳು. ಇಬ್ಬರೂ ಒಂದೇ ಪೊಟ್ಟಣದಿಂದ ಸೂರ್ಯಕಾಂತಿ ಬೀಜ ಬಿಡಿಸಿ ತಿಂದರು. ಲಿಮೊರ್ ನನ್ನನ್ನು ಕೇಳಿದಳು, "ಮಾರ್ಸೆಲ್ ಮಾಮ, ಆವತ್ತೂ ಕೂಗಿದರೆ ಏನು ಮಾಡಲಿ?"

"ಪತ್ರಿಕೆ ಬಿಟ್ಟು ಓಡು."

"ಓಡಿದರೆ ತಲೆ ಖಾಲಿ ಆಗುತ್ತೆ. ಆವತ್ತು ವಾಪಸ್ ಬಂದಾಗ ನಂಗೆ ಏಳು ಎಂಟ್ಲ ಎಷ್ಟು ಅಂತ ಮರೆತುಹೋಗಿತ್ತು."

"ನೆನಪಾಗುತ್ತೆ ಬಿಡು," ಎಂದೆ.

ಜುಲೈಯಲ್ಲಿ ಹೊರಗಿನ ಮೇಲ್ವಿಚಾರಕ ಬಂದ. ರೆಹೊವೋತ್ ಕಡೆಯವನು, ಹೆಸರು ಹರ್ಪಾಜ್, ಇಸ್ತ್ರಿ ಅಂಗಿ, ಹಣೆಯಲ್ಲಿ ಆಗಲೇ ಬೆವರು. ಬೆಳಗ್ಗೆಯಿಂದ ನನ್ನನ್ನು ನಾಲ್ಕು ಸಲ ಕೇಳಿದ್ದ, ಸಿಮೆಂಟ್ ಕೋಣೆ ಎಲ್ಲಿ, ಸಿಮೆಂಟ್ ಕೋಣೆ ಎಲ್ಲಿ ಎಂದು. ಫ್ರೆಹಾಗೆ ಹಾಲಿನೊಳಗೆ ಪ್ರವೇಶವಿಲ್ಲ. ಅವಳು ಕಾರಿಡಾರಿನಲ್ಲಿ ನನ್ನ ಸ್ಟೂಲಿನ ಮೇಲೆ ಬುಟ್ಟಿ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಮನೆಗೆ ಹೋಗೆ ಎಂದರೆ ಕಾಲು ನೋವು ಎಂದಳು.

ಒಂದು ಗಂಟೆ ಶಾಂತಿ. ಆಮೇಲೆ ಕೂಗಿತು, ಕೆಂಪು ಬಣ್ಣ, ಕೆಂಪು ಬಣ್ಣ.

ಮೊದಲು ಹೊರಬಿದ್ದವನು ಹರ್ಪಾಜ್! ಕೈಯಲ್ಲಿ ಉಳಿದ ಪ್ರಶ್ನೆಪತ್ರಿಕೆಗಳ ಕಟ್ಟು ಹಾಗೇ ಇತ್ತು. ನಿಯಮ ಬಲ್ಲವನು, ನೋಡಿ. ಅವನ ಹಿಂದೆ ಮಕ್ಕಳು. ನಾನು ಸಿಮೆಂಟ್ ಕೋಣೆಯ ಬಾಗಿಲಲ್ಲಿ ನಿಂತು ತಲೆ ಎಣಿಸುವವನು, ಅದು ನನ್ನ ಕೆಲಸ. ಆ ದಿನ ಹದಿನಾಲ್ಕು ಮಕ್ಕಳು. ಹದಿಮೂರು ಒಳಗೆ ಬಂದವು.

ನಾನು ಹಿಂದಕ್ಕೆ ಓಡಿದೆ. ಫ್ರೆಹಾ ಆಗಲೇ ಹಾಲಿನ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಖಾಲಿ ಮೇಜುಗಳ ನಡುವೆ ಲಿಮೊರ್ ಒಬ್ಬಳೇ ಕೂತು ಬರೆಯುತ್ತಿದ್ದಳು, ತಲೆ ಎತ್ತದೆ.

"ಓಡೇ! ಏ ಹುಡುಗಿ, ಏಳೇ!" ಎಂದು ಅರಚಿದೆ.

"ಎದ್ದರೆ ಮರೆತುಹೋಗುತ್ತೆ ಮಾಮ. ಇನ್ನು ಎರಡೇ ಲೆಕ್ಕ," ಎಂದಳು. ಅವಳ ಪೆನ್ನು ನಿಲ್ಲಲಿಲ್ಲ.

ಅಷ್ಟರಲ್ಲಿ ಮೊದಲನೆಯದು ದೂರದಲ್ಲೆಲ್ಲೋ ಬಿತ್ತು, ಬಿದ್ದ ಕೂಡಲೇ ಮತ್ತೆ ಕೂಗಿತು. ಎಳೆದುಕೊಂಡು ಹೋಗಬಹುದಿತ್ತು. ಪರೀಕ್ಷಾರ್ಥಿಯನ್ನು ಮುಟ್ಟಿದರೆ, ಮಾತಾಡಿಸಿದರೆ ಪತ್ರಿಕೆ ಮತ್ತೆ ರದ್ದು. ಮುಟ್ಟದಿದ್ದರೆ ಮೇಲೆ ತಗಡು. ನಾನಾದರೂ ಕಿರುಚಿಬಿಟ್ಟಿದ್ದೆ. ಫ್ರೆಹಾ ಒಂದು ಮಾತೂ ಆಡಲಿಲ್ಲ. ಬುಟ್ಟಿ ಕೆಳಗಿಟ್ಟು, ಆ ಕಿರಿಕಿರಿ ಚಪ್ಪಲಿ ಅಲ್ಲೇ ಬಿಟ್ಟು, ಬರಿಗಾಲಲ್ಲಿ ಸರಸರನೆ ಒಳಗೆ ಹೋದಳು. ಲಿಮೊರ್‌ಳ ಪಕ್ಕದ ಕುರ್ಚಿಯಲ್ಲಿ ಕೂತಳು. ಎರಡೂ ಕೈಯನ್ನು ಸ್ವಂತ ಮಂಡಿಯ ಮೇಲೆ ಇಟ್ಟುಕೊಂಡು, ಪತ್ರಿಕೆ ಕಣ್ಣಿಗೆ ಬೀಳದಂತೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಸಾಯುವುದಾದರೂ ನಿಯಮದಂತೆ ಎಂದು ಕೂತಳು ಆ ಮುದುಕಿ.

ನಾನು ಬಾಗಿಲ ಚೌಕಟ್ಟಿನಡಿ ತಲೆಯ ಮೇಲೆ ಕೈ ಹೊತ್ತು ಕುಕ್ಕರಿಸಿದೆ. ನನಗೆ ಒಳಗೆ ಹೋಗುವ ಧೈರ್ಯ ಬರಲಿಲ್ಲ, ಹೇಳಿಬಿಡುತ್ತೇನೆ. ದಡ್ ಎಂದಿತು. ತಗಡು ಗಡಗಡ ಅಂದಿತು, ಧೂಳು ಉದುರಿತು. ಬಿದ್ದದ್ದು ಪೆಟ್ರೋಲ್ ಬಂಕಿನ ಆಚೆಯ ಹೊಲದಲ್ಲಿ. ಲಿಮೊರ್ ಹಾಳೆಯ ಮೇಲಿನ ಧೂಳು ಊದಿ ಬರೆಯುತ್ತಲೇ ಇದ್ದಳು.

ಫ್ರೆಹಾ ಎದ್ದು ಹೊರಗೆ ಬಂದಳು. ಚಪ್ಪಲಿ ಮೆಟ್ಟಿ, ಬುಟ್ಟಿ ಎತ್ತಿಕೊಂಡು ಮತ್ತೆ ಸ್ಟೂಲಿನ ಮೇಲೆ ಕೂತಳು.

ಹತ್ತು ನಿಮಿಷಕ್ಕೆ ಹರ್ಪಾಜ್ ಬಂದ, ಮುಖ ಬಿಳುಚಿಕೊಂಡು, ಕಟ್ಟು ಇನ್ನೂ ಕಂಕುಳಲ್ಲಿ. ಮಕ್ಕಳು ಹಿಂದೆ ಹಿಂದೆ. ಲಿಮೊರ್ ಎಲ್ಲರಿಗಿಂತ ಮೊದಲು ಬಂದು ಕೂತವಳ ಹಾಗೆ ಕೂತಿದ್ದಳು. ಅವನು ವರದಿ ಹಾಳೆ ತೆಗೆದು, ಒಂದು ಕಡೆ ಪೆನ್ನು ಇಟ್ಟು ನಿಂತ. ಎಲ್ಲ ವಿದ್ಯಾರ್ಥಿಗಳೂ ಕೊಠಡಿ ತೆರವು ಮಾಡಿದರೇ ಎಂಬ ಕಲಮು ಅದು. ಒಬ್ಬರೇ ಉಳಿದಿದ್ದರೆ, ನೋಡುವವರಿಲ್ಲದೆ ಬರೆದಿದ್ದರೆ, ಪತ್ರಿಕೆ ರದ್ದು.

"ನೀವು ಇಲ್ಲೇ ಇದ್ರಲ್ಲ," ಎಂದು ಫ್ರೆಹಾಳನ್ನು ಕೇಳಿದ. "ಹಾಲು ಖಾಲಿ ಇತ್ತಾ?"

ನಾನು ಅವಳ ಮುಖ ನೋಡಿದೆ. ಸ್ವಂತ ತಂಗಿಯ ಮೊಮ್ಮಗನನ್ನು ಬಿಡದವಳು.

"ಖಾಲಿ ಇತ್ತು. ಬರ್ಕೊಳ್ಳಿ," ಎಂದಳು.

ಅವನು ಬರೆದುಕೊಂಡ. ಅವಳು ಹಿಂದಿನ ಅಂಗಳಕ್ಕೆ ಹೋಗಿ ಕಸದ ಡಬ್ಬಿಯ ಪಕ್ಕ ಗೋಡೆಗೆ ಮುಖ ಮಾಡಿ ಕೂತಳು. ನಾನು ನೀರು ತಂದುಕೊಟ್ಟೆ.

ಲಿಮೊರ್‌ಗೆ ಎಂಬತ್ತೊಂದು ಬಂತು. ಜೋಯಾ ದೊಡ್ಡ ಪಾತ್ರೆಯ ತುಂಬ ಪಲಾವ್ ಮಾಡಿಕೊಂಡು ಫ್ರೆಹಾಳ ಮನೆಗೆ ಬಂದಳು. ಲಿಮೊರ್ ಒಳಗೆ ಕಾಲಿಟ್ಟ ಕೂಡಲೇ ಫ್ರೆಹಾ ಅವಳ ಕೆನ್ನೆಗೆ ರಪ್ಪನೆ ಒಂದು ಬಾರಿಸಿದಳು. ಆಮೇಲೆ ಅಪ್ಪಿಕೊಂಡಳು. "ಇನ್ನೊಂದ್ಸಲ ಕೂತೆಯೋ, ನಾನೇ ಕೊಂದುಬಿಡ್ತೀನಿ ನಿನ್ನ," ಎಂದಳು. ಏನೂ ತಿಳಿಯದ ಜೋಯಾ ಪಾತ್ರೆ ಹಿಡಿದುಕೊಂಡೇ ನಿಂತಿದ್ದಳು. ಲಿಮೊರ್ ಅಕ್ಟೋಬರಿನಲ್ಲಿ ಅಶ್ಕೆಲೋನಿಗೆ ಹೋದಳು.

ಕಥೆ ಇಲ್ಲಿಗೆ ಮುಗಿದಿದ್ದರೆ ನನಗೆ ಇಷ್ಟು ಸಿಟ್ಟು ಇರುತ್ತಿರಲಿಲ್ಲ.

ನವೆಂಬರಿನಲ್ಲಿ ಸಮಿತಿಯ ಕಾಗದ ಬಂತು. ಫ್ರೆಹಾ ಬೆರಳಿಟ್ಟು ಗಟ್ಟಿಯಾಗಿ ಓದಿದಳು. "ಎರಡನೇ ಸರದಿಯಲ್ಲಿ ಎಚ್ಚರಿಕೆಯ ಸಂದರ್ಭ ಎಲ್ಲ ವಿದ್ಯಾರ್ಥಿಗಳೂ ಕ್ರಮಬದ್ಧವಾಗಿ ಕೊಠಡಿ ತೆರವು ಮಾಡಿ, ಮರಳಿ, ಪರೀಕ್ಷೆಯನ್ನು ಯಶಸ್ವಿಯಾಗಿ ಪೂರೈಸಿರುವುದು ವರದಿಯಿಂದ ಕಂಡುಬಂದಿದೆ. ಅರ್ಜಿದಾರರು ಉಲ್ಲೇಖಿಸಿದ ವಿದ್ಯಾರ್ಥಿನಿಯೇ ಉತ್ತಮ ಅಂಕ ಗಳಿಸಿದ್ದಾಳೆ. ಆದ್ದರಿಂದ ಈಗಿರುವ ವ್ಯವಸ್ಥೆ ಸಾಕಷ್ಟಿದ್ದು, ಹೆಚ್ಚುವರಿ ಸಮಯದ ಅಗತ್ಯ ಕಂಡುಬರುವುದಿಲ್ಲ."

"ಏಳು, ಈಗಲೇ ಹೋಗೋಣ! ಆ ಕನ್ನಡಕದವನ ಮುಖಕ್ಕೆ ಹೇಳೋಣ!" ಎಂದು ಕೂಗಾಡಿದೆ.

"ಏನಂತ ಹೇಳೋಣ?" ಎಂದಳು ಫ್ರೆಹಾ. "ಖಾಲಿ ಇರಲಿಲ್ಲ, ಹುಡುಗಿ ರಾಕೆಟ್ಟಿನ ಕೆಳಗೆ ಕೂತು ಬರೆದಳು, ಅದಕ್ಕೇ ಎಂಬತ್ತೊಂದು ಬಂತು ಅಂತಲಾ? ಮಾರನೇ ದಿನ ಅವಳ ಸೀಟು ಕಿತ್ಕೋತಾರೆ."

ಎದ್ದು ನಿಂತಿದ್ದವನು ಮತ್ತೆ ಕೂತೆ.

"ಒಂದೇ ಒಂದು ಸುಳ್ಳು ಕಣೋ," ಎಂದಳು. "ಇಷ್ಟು ವರ್ಷದಲ್ಲಿ ಒಂದು. ನನ್ನ ನಿಜ ಒಂದೂ ಅವರಿಗೆ ಬೇಡವಾಗಿತ್ತು. ಸುಳ್ಳನ್ನ ಮಾತ್ರ ಪೂರ್ತಿ ಓದಿದ್ದಾರೆ ನೋಡು." ಆಮೇಲೆ ಅತ್ತಳು. ಗಂಡ ಸತ್ತಾಗಲೂ ನನ್ನೆದುರು ಅಳದವಳು.

ಮುಂದಿನ ಜೂನಿನಲ್ಲಿ, ಪರೀಕ್ಷೆಯ ಹಿಂದಿನ ಸಂಜೆ, ನಮ್ಮ ಬೀದಿಯ ಬ್ರೆಡ್ಡಿನ ಅಂಗಡಿಯ ಒಸ್ನಾತ್ ಅವಳನ್ನು ತಡೆದು ನಿಲ್ಲಿಸಿದಳು. ನಾನೂ ಜೊತೆಗಿದ್ದೆ.

"ಫ್ರೆಹಾ, ನನ್ನ ಮಗನಿಗೆ ಒಂದು ಮಾತು ಹೇಳೇ. ನಾಳೆ ಕೂಗಿದರೆ ಏಳಲ್ಲ ಅಂತ ಕೂತಿದಾನೆ."

"ಏಳಲ್ಲ ಅಂದ್ರೆ?"

"ಕೂತು ಬರೆದರೇನೇ ಪಾಸಾಗೋದಂತೆ. ಲಿಮೊರ್ ಹಾಗೇ ಮಾಡಿದ್ಲಂತಲ್ಲ. ಅವನೊಬ್ಬನೇ ಅಲ್ಲ, ಅವನ ತರಗತಿಯವರೆಲ್ಲ ಹಾಗೇ ಮಾತಾಡ್ಕೊಂಡಿದಾರೆ. ಸತ್ತರೆ ಗಣಿತ ಬರೀತಾನೇ ಸಾಯ್ತೀವಿ ಅಂತ ನಗ್ತಾವೆ, ಮುಂಡೇವು!"

ಫ್ರೆಹಾ ತಿರುಗಿ ಮನೆ ಕಡೆ ನಡೆದಳು.

ಬೆಳಗ್ಗೆ ಏಳಕ್ಕೆ ನಾನು ಬೀಗ ತೆಗೆಯುವಾಗ ಅವಳು ಹಾಲಿನ ಬಾಗಿಲಲ್ಲಿ ನಿಂತಿದ್ದಳು. ಪಟ್ಟಿಯಲ್ಲಿ ಹೆಸರಿಲ್ಲ, ಕೂಲಿ ಇಲ್ಲ, ಅಲ್ಲಿರಲು ಹಕ್ಕೂ ಇಲ್ಲ. ಒಳಗೆ ಹೋಗುವ ಪ್ರತಿ ಮಗುವನ್ನೂ ತೋಳು ಹಿಡಿದು ನಿಲ್ಲಿಸಿದಳು. "ಕೂಗಿದಾಗ ಯಾರು ಕೂತಿರ್ತೀರೋ ಅವರ ಪಕ್ಕಕ್ಕೆ ನಾನೇ ಬರ್ತೀನಿ. ಬಂದು ಗಟ್ಟಿಯಾಗಿ ಮಾತಾಡಿಸ್ತೀನಿ. ಪತ್ರಿಕೆ ಅಲ್ಲಿಗೆ ರದ್ದು. ನೀವು ಸಾಯೋಕೆ ಮುಂ‌ಚೆ ನಿಮ್ಮ ಪರೀಕ್ಷೆ ನಾನೇ ಕೊಲ್ತೀನಿ, ಗೊತ್ತಾಯ್ತಾ?" ಎಂದಳು. ಮಕ್ಕಳು ಮುಖ ಸಣ್ಣ ಮಾಡಿಕೊಂಡು ಒಳಗೆ ಹೋದರು. ಒಬ್ಬ ಹುಡುಗ ಅವಳಿಗೆ ಕೇಳುವ ಹಾಗೆ ಶಪಿಸಿದ.

ಅದು ಐದು ವರ್ಷದ ಹಿಂದೆ. ಈಗ ಅವಳಿಗೆ ಎಪ್ಪತ್ತೊಂದು. ಪ್ರತಿ ಪರೀಕ್ಷೆಗೂ ಬರುತ್ತಾಳೆ, ನಾನು ಸ್ಟೂಲು ಹಾಕಿಕೊಡುತ್ತೇನೆ. ಮಕ್ಕಳು ಅವಳನ್ನು ದ್ವೇಷಿಸುತ್ತಾರೆ, ಎದುರಿಗೆ ಬಂದರೆ ರಸ್ತೆ ದಾಟುತ್ತಾರೆ. ಇಲ್ಲಿಯವರೆಗೆ ಕೂಗಿದಾಗ ಒಬ್ಬರೂ ಕೂತಿಲ್ಲ. ಹೆಚ್ಚುವರಿ ಸಮಯವೂ ಬಂದಿಲ್ಲ.